ಲಕ್ವ ಹೊಡೆದ ಕೈ ಮತ್ತು ಸಾವಿರ ಸಲದ ಲೆಕ್ಕ

ಲಕ್ವ ಹೊಡೆದವರ ಮನೆಗೆ ಎರಡು ಮೂರು ತಿಂಗಳ ನಂತರ ಹೋದರೆ ಸಾಮಾನ್ಯವಾಗಿ ಕೇಳುವ ಮಾತು ಇದು: ಕಾಲು ಪರವಾಗಿಲ್ಲ, ಕೈ ಇನ್ನೂ ಬಂದಿಲ್ಲ. ಗೋಡೆ ಹಿಡಿದೋ ಕೋಲು ಊರಿಯೋ ಬಚ್ಚಲವರೆಗೆ ನಡೆಯುತ್ತಾರೆ. ಆದರೆ ಮುದ್ದೆ ಮುರಿಯಲು, ಅಂಗಿಯ ಗುಂಡಿ ಹಾಕಲು, ನೀರು ತುಂಬಿದ ಚೆಂಬು ಎತ್ತಲು ಆಗುವುದಿಲ್ಲ. ಕುಡುಗೋಲು, ಸೂಜಿ, ಕರಣೆ ಹಿಡಿದು ಬದುಕುವವರಿಗೆ ಕೈ ಬಾರದಿದ್ದರೆ ಕೂಲಿಯೂ ಬಾರದು.

ಈಚೆಗೆ ನಗರದ ಆಸ್ಪತ್ರೆಗಳ ಜಾಹೀರಾತಿನಲ್ಲಿ ರೋಬೋಟ್ ಎಂಬ ಪದ ಕಾಣಿಸುತ್ತಿದೆ. ಸುದ್ದಿಗೆಂದು ಊರೂರು ತಿರುಗುವ ನಮ್ಮನ್ನು ಜನ ಕೇಳುತ್ತಾರೆ: "ಅದೇನೋ ರೋಬೋಟ್ ಬಂದೈತಂತಲ್ಲ, ಅಲ್ಲಿಗೆ ಕರ್ಕೊಂಡು ಹೋದ್ರೆ ಅಪ್ಪನ ಕೈ ಬರ್ತದಾ ಸಾರ್?" ಕೇಳುವವರ ಮನಸ್ಸಿನಲ್ಲಿ ಒಂದು ಹಸು ಮಾರುವ ಅಥವಾ ಬಡ್ಡಿಗೆ ಸಾಲ ತರುವ ಲೆಕ್ಕ ಆಗಲೇ ಶುರುವಾಗಿರುತ್ತದೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಈ ಯಂತ್ರವನ್ನು ಯಾರು, ಯಾಕೆ ಮಾಡಿದರು, ಅದು ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ಮೊದಲಿನಿಂದ ನೋಡಬೇಕು. ಆ ಕತೆ ಯಂತ್ರಕ್ಕಿಂತ ಬಹಳ ಹಿಂದೆ, ಮಂಗಗಳಿಂದ ಶುರುವಾಗುತ್ತದೆ.

ಹೋದದ್ದು ಹೋಯಿತು ಎಂಬ ಕಾಲ

ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಆ ಭಾಗದ ಜೀವಕೋಶಗಳು ಸಾಯುತ್ತವೆ. ಮಿದುಳಿನ ಎಡಭಾಗ ಬಲಗೈಯನ್ನು, ಬಲಭಾಗ ಎಡಗೈಯನ್ನು ಆಳುತ್ತದೆ. ಹಾಗಾಗಿ ಪೆಟ್ಟು ಒಂದು ಕಡೆ ಬಿದ್ದರೆ ಕೈಕಾಲು ಇನ್ನೊಂದು ಕಡೆ ಸೋಲುತ್ತವೆ. ಕೈಯ ಮೂಳೆ, ಸ್ನಾಯು ಎಲ್ಲ ಸರಿಯಾಗೇ ಇರುತ್ತವೆ, ಆಜ್ಞೆ ಕೊಡುವ ಜಾಗ ಮಾತ್ರ ಹೋಗಿರುತ್ತದೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೈದ್ಯಲೋಕದ ನಂಬಿಕೆ ಸರಳವಾಗಿತ್ತು. ಬೆಳೆದವರ ಮಿದುಳಿನ ದಾರಿಗಳು ಗಟ್ಟಿಯಾಗಿ ಬಿಟ್ಟಿವೆ, ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಹೋದ ಚಲನೆ ಹೋದಂತೆಯೇ. ಸ್ಪೇನಿನ ದೊಡ್ಡ ವಿಜ್ಞಾನಿ ಸಾಂಟಿಯಾಗೊ ರಮೋನ್ ಇ ಕಾಹಾಲ್ ಅವರ ಮಾತಿಗೂ ಅದೇ ಅರ್ಥ ಬಂತು. ರೋಗಿಗೆ ಆರೈಕೆ ಮಾಡುತ್ತಿದ್ದರು, ಕೈ ಕಲಿಸುತ್ತಿರಲಿಲ್ಲ.

1917ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ರಾಬರ್ಟ್ ಆಗ್ಡೆನ್ ಮತ್ತು ಶೆಫರ್ಡ್ ಐವರಿ ಫ್ರಾಂಜ್ ಎಂಬ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಮಂಗಗಳ ಮಿದುಳಿನ ಚಲನೆಯ ಭಾಗಕ್ಕೆ ಗಾಯ ಮಾಡಿ ಒಂದು ಪಕ್ಕ ಸೋಲುವಂತೆ ಮಾಡಿದ್ದರು. ಹಾಗೇ ಬಿಟ್ಟ ಮಂಗಗಳ ಕೈ ಸೋತೇ ಇತ್ತು. ಒಳ್ಳೆಯ ಕೈಯನ್ನು ಕಟ್ಟಿ, ಸೋತ ಕೈಯನ್ನು ಬಳಸಲೇಬೇಕಾದಂತೆ ಮಾಡಿದಾಗ ಅದು ಗಮನಾರ್ಹವಾಗಿ ಚೇತರಿಸಿತು. ಮುಂದಿನ ಅರವತ್ತು ವರ್ಷ ಈ ಫಲಿತಾಂಶ ರೋಗಿಯ ಹಾಸಿಗೆಯ ಬಳಿ ಬರಲಿಲ್ಲ.

1951ರಲ್ಲಿ ಥಾಮಸ್ ಟ್ವಿಚೆಲ್ ಎಂಬ ಅಮೆರಿಕದ ವೈದ್ಯರು 121 ರೋಗಿಗಳನ್ನು ಗಮನಿಸಿ, ಚೇತರಿಕೆಗೆ ಒಂದು ಕ್ರಮವಿದೆ ಎಂದು ತೋರಿಸಿದರು. ಮೊದಲು ಕೈ ಜೋತು ಬೀಳುತ್ತದೆ. ಆಮೇಲೆ ಬಿಗಿಯಾಗುತ್ತದೆ. ಚಲನೆ ಭುಜದಿಂದ ಶುರುವಾಗಿ ಮೊಣಕೈಗೆ ಇಳಿದು, ಬೆರಳಿಗೆ ಕೊನೆಯಲ್ಲಿ ಬರುತ್ತದೆ. ಅನೇಕರಲ್ಲಿ ನಡುವೆಯೇ ನಿಂತುಬಿಡುತ್ತದೆ. ಮಡಿಸಿಕೊಂಡ ಮೊಣಕೈ, ಬಿಡಿಸಲಾರದ ಮುಷ್ಟಿಯನ್ನು ನಾವೆಲ್ಲ ನಮ್ಮ ಊರಿನಲ್ಲೇ ನೋಡಿದ್ದೇವೆ, ಅದು ನಡುದಾರಿಯಲ್ಲಿ ನಿಂತ ಕೈ. ಸ್ವೀಡನ್ ಮೂಲದ ಫಿಸಿಯೋಥೆರಪಿಸ್ಟ್ ಸಿಗ್ನೆ ಬ್ರುನ್‌ಸ್ಟ್ರಾಮ್ ಈ ದಾರಿಯನ್ನು ಆರು ಹಂತಗಳಾಗಿ ವಿಂಗಡಿಸಿದರು. ಜರ್ಮನಿಯಿಂದ ಲಂಡನ್‌ಗೆ ಓಡಿಬಂದಿದ್ದ ಬರ್ಟಾ ಬೊಬಾತ್, ಪತಿ ಕಾರೆಲ್ ಜೊತೆ ಸೇರಿ ಬಿಗಿತವನ್ನು ಕೈಯಿಂದ ಸಡಿಲಿಸಿ ಸರಿಯಾದ ಚಲನೆ ಕಲಿಸುವ ವಿಧಾನ ಬೆಳೆಸಿದರು. ಇಂದಿಗೂ ನಮ್ಮ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ಈ ಹೆಸರುಗಳು ಪರಿಚಿತ.

1975ರಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಆಕ್ಸೆಲ್ ಫುಗಲ್-ಮೇಯರ್ ಮತ್ತು ಸಂಗಡಿಗರು ಒಂದು ಅಂಕಪಟ್ಟಿ ಮಾಡಿದರು. ಕೈಗೆ ಒಟ್ಟು 66 ಅಂಕ. ಭುಜ ಎತ್ತುವುದಕ್ಕೆ ಇಷ್ಟು, ಮಣಿಕಟ್ಟು ತಿರುಗಿಸುವುದಕ್ಕೆ ಇಷ್ಟು, ಬೆರಳು ಬಿಡಿಸುವುದಕ್ಕೆ ಇಷ್ಟು. ಸಣ್ಣ ವಿಷಯದಂತೆ ಕಂಡರೂ ಮುಂದಿನದೆಲ್ಲ ನಿಂತದ್ದು ಇದರ ಮೇಲೆ. ಅಳತೆ ಇಲ್ಲದಿದ್ದರೆ ಯಾವ ಚಿಕಿತ್ಸೆ ವಾಸಿ ಎಂದು ಹೇಳುವುದಾದರೂ ಹೇಗೆ?

ಒಳ್ಳೆಯ ಕೈಯನ್ನು ಕಟ್ಟಿದವರು

ಹಳೆಯ ಮಂಗಗಳ ಪ್ರಯೋಗದ ದಾರಿಗೆ ಮತ್ತೆ ಬಂದವರು ಎಡ್ವರ್ಡ್ ಟೌಬ್. ಮಂಗದ ಒಂದು ಕೈಯ ಸ್ಪರ್ಶದ ನರ ಕತ್ತರಿಸಿದರೆ ಅದು ಆ ಕೈ ಬಳಸುವುದನ್ನೇ ಬಿಡುತ್ತದೆ. ಚಲಿಸುವ ಶಕ್ತಿ ಇದ್ದರೂ ಬಿಡುತ್ತದೆ. ಮೊದಮೊದಲು ಪ್ರಯತ್ನಿಸಿ ಸೋತ ಮಂಗ, ಈ ಕೈ ಆಗುವುದಿಲ್ಲ ಎಂದು ಕಲಿತುಬಿಟ್ಟಿರುತ್ತದೆ ಎಂದರು ಟೌಬ್. ಲಕ್ವ ಹೊಡೆದ ಮನುಷ್ಯರಲ್ಲೂ ಹೀಗೇ ಆಗುತ್ತಿರಬಹುದು ಎಂಬುದು ಅವರ ಊಹೆ.

1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯದ ಮೇಲೆ ಪೊಲೀಸ್ ದಾಳಿ ನಡೆಯಿತು. ಪ್ರಾಣಿದಯಾ ಹೋರಾಟಗಾರರೊಬ್ಬರು ಒಳಗೆ ಕೆಲಸಕ್ಕೆ ಸೇರಿ ಅಲ್ಲಿನ ಹದಿನೇಳು ಮಂಗಗಳ ಸ್ಥಿತಿಯ ಫೋಟೊ ತೆಗೆದಿದ್ದರು. ಮೊಕದ್ದಮೆ ನಡೆಯಿತು, ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು ರದ್ದಾಯಿತು. ಅಮೆರಿಕದಲ್ಲಿ ಪ್ರಯೋಗದ ಪ್ರಾಣಿಗಳ ಕಾನೂನು ಬಿಗಿಯಾಗಲು ಆ ಪ್ರಕರಣವೂ ಕಾರಣ. ಇಂದು ರೋಗಿಗಳಿಗೆ ಉಪಯೋಗವಾಗುವ ಜ್ಞಾನದ ಹಿಂದೆ ಆ ಮಂಗಗಳ ನೋವಿದೆ ಎಂಬುದನ್ನು ಮರೆಯುವ ಹಾಗಿಲ್ಲ.

ಟೌಬ್ ಮುಂದೆ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೋಗಿ ಮನುಷ್ಯರಿಗೆ ಚಿಕಿತ್ಸೆ ರೂಪಿಸಿದರು. ಒಳ್ಳೆಯ ಕೈಗೆ ದಪ್ಪ ಕೈಚೀಲ ತೊಡಿಸಿ, ಎಚ್ಚರವಿರುವ ಹೊತ್ತಿನ ಬಹುಪಾಲು ಸೋತ ಕೈಯನ್ನೇ ಬಳಸುವಂತೆ ಎರಡು ವಾರ ಮಾಡಿಸುವುದು, ಜೊತೆಗೆ ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ. 2006ರಲ್ಲಿ 222 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಹೊರಬಂದಾಗ ಇದರ ಪ್ರಯೋಜನ ಗಟ್ಟಿಯಾಯಿತು. ಇದಕ್ಕೆ ಮುಂಚೆ, 1996ರಲ್ಲಿ, ರ್ಯಾಂಡಾಲ್ಫ್ ನುಡೊ ತಂಡ ಇನ್ನೊಂದು ವಿಷಯ ತೋರಿಸಿತ್ತು. ಗಾಯಗೊಂಡ ಮಂಗಕ್ಕೆ ಕೈಯ ಅಭ್ಯಾಸ ಕೊಟ್ಟರೆ, ಗಾಯದ ಸುತ್ತ ಉಳಿದ ಮಿದುಳಿನಲ್ಲಿ ಕೈಯನ್ನು ಆಳುವ ಜಾಗ ಉಳಿಯುತ್ತದೆ, ಕೆಲವು ಕಡೆ ಹಿಗ್ಗುತ್ತದೆ. ಕೊಡದಿದ್ದರೆ ಕುಗ್ಗುತ್ತದೆ. ಸತ್ತ ಕೋಶ ಹುಟ್ಟದಿದ್ದರೂ ಪಕ್ಕದವರು ಆ ಕೆಲಸ ಕಲಿಯಬಲ್ಲರು.

ಆದರೆ ಟೌಬ್ ವಿಧಾನಕ್ಕೆ ಒಂದು ಷರತ್ತು ಇತ್ತು. ಮಣಿಕಟ್ಟು ಮತ್ತು ಬೆರಳು ಸ್ವಲ್ಪವಾದರೂ ಮೇಲೇಳಬೇಕು. ಕೈ ಪೂರ್ತಿ ಸೋತವರಿಗೆ ಒಳ್ಳೆಯ ಕೈ ಕಟ್ಟಿ ಏನು ಪ್ರಯೋಜನ? ಅವರ ಕೈಯನ್ನು ಯಾರಾದರೂ ಹಿಡಿದು, ಅವರು ಪ್ರಯತ್ನಿಸಿದಷ್ಟಕ್ಕೆ ತಮ್ಮದನ್ನೂ ಸೇರಿಸಿ, ನೂರಾರು ಸಲ ಮುಂದಕ್ಕೆ ಹಿಂದಕ್ಕೆ ಒಯ್ಯಬೇಕು. ಯಾವ ಥೆರಪಿಸ್ಟ್‌ಗೆ ಅಷ್ಟು ತೋಳ್ಬಲ, ಅಷ್ಟು ಸಮಯ ಇದ್ದೀತು? ರೋಬೋಟ್ ಹುಟ್ಟಿದ್ದು ಈ ಜಾಗದಲ್ಲಿ.

ಕೈ ಕುಲುಕುವ ಯಂತ್ರ

ಬಾಸ್ಟನ್ ಪಕ್ಕದ ಎಂಐಟಿಯಲ್ಲಿ ಐರ್ಲೆಂಡ್ ಮೂಲದ ಎಂಜಿನಿಯರ್ ನೆವಿಲ್ ಹೋಗನ್ 1985ರಲ್ಲಿ ರೋಬೋಟ್ ನಿಯಂತ್ರಣದ ಬಗ್ಗೆ ಮುಖ್ಯವಾದ ಬರಹಗಳನ್ನು ಪ್ರಕಟಿಸಿದ್ದರು. ಕಾರ್ಖಾನೆಯ ರೋಬೋಟ್‌ಗೆ ಒಂದು ದಾರಿ ಹೇಳಿಕೊಟ್ಟರೆ ಅಡ್ಡ ಬಂದದ್ದನ್ನು ತಳ್ಳಿಕೊಂಡು ಅದೇ ದಾರಿಯಲ್ಲಿ ಹೋಗುತ್ತದೆ. ಅದಕ್ಕೆ ರೋಗಿಯ ಕೈ ಕೊಟ್ಟರೆ ಮೂಳೆ ಮುರಿದೀತು. ಯಂತ್ರ ಸ್ಪ್ರಿಂಗಿನಂತೆ ವರ್ತಿಸಬೇಕು, ತಳ್ಳಿದರೆ ಬಾಗಬೇಕು, ಬಿಟ್ಟರೆ ಮೆತ್ತಗೆ ದಾರಿಗೆ ತರಬೇಕು ಎಂಬುದು ಹೋಗನ್ ವಿಚಾರ. ಮಗುವಿಗೆ ಅಕ್ಷರ ತಿದ್ದಿಸುವಾಗ ನಾವು ಅದರ ಕೈ ಮೇಲೆ ಕೈ ಇಟ್ಟು ಹಿಡಿಯುವ ಹಿಡಿತವನ್ನು ನೆನೆಸಿಕೊಳ್ಳಿ. ಬಹುತೇಕ ಅದೇ.

1989ರಲ್ಲಿ ಈ ಯಂತ್ರದ ಕೆಲಸ ಶುರುವಾಯಿತು. ಬ್ರೆಜಿಲ್‌ನಿಂದ ಬಂದ ಹರ್ಮಾನೊ ಇಗೊ ಕ್ರೆಬ್ಸ್ ಹೋಗನ್ ಜೊತೆಗೂಡಿದರು. ಹೆಸರು ಎಂಐಟಿ-ಮಾನುಸ್. ಎಂಐಟಿಯ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿ 'ಮನಸ್ಸು ಮತ್ತು ಕೈ' ಎಂದಿದೆ, ಅದರ 'ಕೈ' ಈ ಯಂತ್ರದ ಹೆಸರಾಯಿತು.

ರೋಗಿ ಮೇಜಿನ ಮುಂದೆ ಕೂರುತ್ತಾರೆ. ಸೋತ ಕೈಯನ್ನು ಯಂತ್ರದ ಹಿಡಿಕೆಗೆ ಪಟ್ಟಿಯಿಂದ ಕಟ್ಟುತ್ತಾರೆ. ಎದುರಿನ ಪರದೆಯ ಮಧ್ಯದಲ್ಲಿ ಒಂದು ಚುಕ್ಕಿ, ಸುತ್ತ ವೃತ್ತದಲ್ಲಿ ಎಂಟು ಚುಕ್ಕಿ. ಮಧ್ಯದಿಂದ ಒಂದಕ್ಕೆ, ಅಲ್ಲಿಂದ ವಾಪಸ್ ಮಧ್ಯಕ್ಕೆ, ಮತ್ತೆ ಮುಂದಿನದಕ್ಕೆ. ರೋಗಿ ಕೈ ಸರಿಸಿದರೆ ಯಂತ್ರ ಸುಮ್ಮನಿರುತ್ತದೆ. ದಾರಿ ತಪ್ಪಿದರೆ ಮೆತ್ತಗೆ ತಿದ್ದುತ್ತದೆ. ಆಗದಿದ್ದರೆ ತಾನೇ ಒಯ್ಯುತ್ತದೆ. ಒಂದು ಗಂಟೆಯಲ್ಲಿ ಸುಮಾರು ಸಾವಿರ ಸಲ.

1994ರಲ್ಲಿ ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್‌ನ ಬರ್ಕ್ ಆಸ್ಪತ್ರೆಯಲ್ಲಿ ಇದು ರೋಗಿಗಳ ಬಳಿಗೆ ಬಂತು. ಮಿಂಡಿ ಐಸೆನ್, ಬ್ರೂಸ್ ವೋಲ್ಪೆ ಅಲ್ಲಿನ ವೈದ್ಯರು. 20 ರೋಗಿಗಳ ಮೊದಲ ಪರೀಕ್ಷೆಯ ವರದಿ 1997ರಲ್ಲಿ ಅಚ್ಚಾಯಿತು. ಅರ್ಧ ಜನರಿಗೆ ಯಂತ್ರದಿಂದ ವಾರಕ್ಕೆ ನಾಲ್ಕೈದು ಗಂಟೆ ಅಭ್ಯಾಸ. ಉಳಿದವರೂ ಯಂತ್ರದ ಮುಂದೆ ಕೂತರು, ಆದರೆ ಅದರ ನೆರವು ಇರಲಿಲ್ಲ. ಮೊದಲ ಗುಂಪಿನ ಭುಜ, ಮೊಣಕೈ ಹೆಚ್ಚು ಚೇತರಿಸಿದವು. ಮಣಿಕಟ್ಟು, ಬೆರಳುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಕಲಿಸಿದ್ದು ಭುಜ ಮತ್ತು ಮೊಣಕೈಗೆ ಮಾತ್ರ. ಮಿದುಳು ಕಲಿಸಿದ್ದನ್ನು ಕಲಿಯಿತು, ಕಲಿಸದ್ದನ್ನು ಕಲಿಯಲಿಲ್ಲ. ಅದಕ್ಕಾಗಿ ಮುಂದೆ ಮಣಿಕಟ್ಟಿಗೆ, ಮುಷ್ಟಿಗೆ ಬೇರೆ ಬೇರೆ ಯಂತ್ರ ಬಂದವು. ಕ್ಯಾಲಿಫೋರ್ನಿಯಾ, ಷಿಕಾಗೊ, ಬರ್ಲಿನ್, ಜ್ಯೂರಿಕ್‌ಗಳಲ್ಲೂ ಬೇರೆ ತಂಡಗಳು ತಮ್ಮದೇ ಯಂತ್ರ ಕಟ್ಟಿದವು. ಹೋಗನ್ ಮತ್ತು ಕ್ರೆಬ್ಸ್ ಕಂಪನಿಯೊಂದನ್ನು ತೆರೆದು ಮಾರಾಟಕ್ಕೂ ಇಳಿದರು.

ಮೂವತ್ತೆರಡು ಎಂಬ ಸಂಖ್ಯೆ

ಸಾಮಾನ್ಯ ಚಿಕಿತ್ಸೆಯಲ್ಲಿ ಒಂದು ಸಲ ಕೂತಾಗ ಸೋತ ಕೈ ಎಷ್ಟು ಸಲ ಚಲಿಸುತ್ತದೆ? ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಅಮೆರಿಕ ಮತ್ತು ಕೆನಡಾದ ಏಳು ಕೇಂದ್ರಗಳಲ್ಲಿ 312 ಚಿಕಿತ್ಸಾ ಅವಧಿಗಳನ್ನು ಪಕ್ಕದಲ್ಲಿ ನಿಂತು ಎಣಿಸಿದರು. 2009ರಲ್ಲಿ ಬಂದ ಉತ್ತರ: ಕೆಲಸಕ್ಕೆ ಬರುವಂಥ ಕೈ ಚಲನೆ ಸುಮಾರು ಅರ್ಧದಷ್ಟು ಅವಧಿಗಳಲ್ಲಿ ಮಾತ್ರ ಇತ್ತು. ಇದ್ದಲ್ಲಿ ಸರಾಸರಿ 32 ಸಲ.

ಮಿದುಳಿನಲ್ಲಿ ಬದಲಾವಣೆ ತೋರಿದ ಪ್ರಾಣಿ ಪ್ರಯೋಗಗಳಲ್ಲಿ ಎಣಿಕೆ ದಿನಕ್ಕೆ ನೂರಾರು. ಯಂತ್ರದಲ್ಲಿ ಗಂಟೆಗೆ ಸಾವಿರ. ಅನುಕೂಲವಂತ ದೇಶದ ಒಳ್ಳೆಯ ಕೇಂದ್ರಗಳಲ್ಲೇ 32 ಎಂದ ಮೇಲೆ, ನಮ್ಮ ಕಡೆ ವಾರಕ್ಕೊಮ್ಮೆ ಬಸ್ ಹಿಡಿದು ಹೋಗಿ ಸಾಲಿನಲ್ಲಿ ಕೂತು ಬರುವವರ ಲೆಕ್ಕ ಏನಿರಬಹುದು, ಓದುಗರೇ ಅಂದಾಜು ಮಾಡಲಿ. ಆ ನಡುವೆ ಎಣ್ಣೆ ತಿಕ್ಕುವವರು, ಪಾರಿವಾಳದ ರಕ್ತ ಹಚ್ಚುವವರ ಮನೆ ಬಾಗಿಲು ಸುತ್ತುವುದರಲ್ಲೇ ಮೊದಲ ತಿಂಗಳುಗಳು ಹೋಗುವುದೂ ಉಂಟು. ಚೇತರಿಕೆ ಹೆಚ್ಚು ವೇಗವಾಗಿರುವುದು ಆ ಮೊದಲ ತಿಂಗಳುಗಳಲ್ಲೇ.

ದೊಡ್ಡ ಪರೀಕ್ಷೆಗಳು ಹೇಳಿದ್ದು

20 ಜನರ ಪರೀಕ್ಷೆಯಿಂದ ದೇಶಗಳು ಹಣ ಹೂಡುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 127 ಜನರ ಪರೀಕ್ಷೆ ನಡೆದು 2010ರಲ್ಲಿ ಫಲಿತಾಂಶ ಬಂತು. ಎಲ್ಲರಿಗೂ ಲಕ್ವ ಹೊಡೆದು ಕನಿಷ್ಠ ಆರು ತಿಂಗಳಾಗಿತ್ತು, ಅಂದರೆ ಇನ್ನು ಆಗುವುದಿಲ್ಲ ಎಂದು ಸಾಮಾನ್ಯವಾಗಿ ಕೈಬಿಡುವ ಗುಂಪು. 49 ಜನರಿಗೆ ರೋಬೋಟ್. 50 ಜನರಿಗೆ ಥೆರಪಿಸ್ಟ್ ಕೈ ಹಿಡಿದು ಯಂತ್ರದಷ್ಟೇ ಬಿರುಸಾಗಿ ಮಾಡಿಸುವ ಅಭ್ಯಾಸ. 28 ಜನರಿಗೆ ಎಂದಿನ ಆರೈಕೆ. ಮೊದಲೆರಡು ಗುಂಪಿಗೆ 12 ವಾರಗಳಲ್ಲಿ 36 ಸಲ.

12 ವಾರದ ಕೊನೆಗೆ ರೋಬೋಟ್ ಗುಂಪು ಎಂದಿನ ಆರೈಕೆಗಿಂತ 66ರ ಪಟ್ಟಿಯಲ್ಲಿ ಎರಡು ಅಂಕದಷ್ಟು ಮುಂದಿತ್ತು, ಖಚಿತ ಎನ್ನಲು ಅದು ಸಾಲದು. 36 ವಾರಕ್ಕೆ ಅಂತರ ಸುಮಾರು ಮೂರು ಅಂಕವಾಗಿ, ಖಚಿತ ಎನಿಸಿತು. ಆದರೆ ರೋಬೋಟಿಗೂ ಥೆರಪಿಸ್ಟ್ ಬಿರುಸಾಗಿ ಮಾಡಿಸಿದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಕೈಗೆ ಬೇಕಿದ್ದದ್ದು ಎಣಿಕೆ. ಅದು ಕಬ್ಬಿಣದಿಂದ ಬಂತೋ ಮನುಷ್ಯನಿಂದ ಬಂತೋ ಎಂಬುದು ಕೈಗೆ ಬೇಕಿರಲಿಲ್ಲ.

ಖರ್ಚಿನ ಲೆಕ್ಕವೂ ಬಂತು. ಒಬ್ಬ ರೋಗಿಗೆ ರೋಬೋಟ್ ಅಭ್ಯಾಸದ ವೆಚ್ಚ 5,152 ಡಾಲರ್, ಥೆರಪಿಸ್ಟ್ ಕೈಯ ಅಭ್ಯಾಸಕ್ಕೆ 7,382 ಡಾಲರ್. ಅಲ್ಲಿ ಮನುಷ್ಯನ ಗಂಟೆ ಯಂತ್ರದ ಗಂಟೆಗಿಂತ ದುಬಾರಿ. ಯಂತ್ರವನ್ನು ಪರದೇಶದಿಂದ ತರಿಸುವ, ಫಿಸಿಯೋಥೆರಪಿ ಓದಿದವರು ಸಣ್ಣ ಸಂಬಳಕ್ಕೆ ದುಡಿಯುವ ನಮ್ಮಲ್ಲಿ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಆ ದೇಶದ ವಾದವನ್ನು ಈ ದೇಶದ ಜಾಹೀರಾತಿನಲ್ಲಿ ಕಂಡಾಗ ಇದನ್ನು ನೆನಪಿಡಬೇಕು.

2018ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ 45 ಪರೀಕ್ಷೆ, 1,619 ರೋಗಿಗಳ ಲೆಕ್ಕ ಸೇರಿಸಿ, ಯಂತ್ರದ ಅಭ್ಯಾಸದಿಂದ ಕೈಯ ಶಕ್ತಿ, ಚಲನೆ, ನಿತ್ಯದ ಕೆಲಸ ಸುಧಾರಿಸುತ್ತವೆ ಎಂದಿತು. ಮರುವರ್ಷವೇ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. ನ್ಯೂಕ್ಯಾಸಲ್‌ನ ಹೆಲೆನ್ ರಾಜರ್ಸ್ ಮುಂದಾಳತ್ವ, ನಾಲ್ಕು ಕೇಂದ್ರ, 770 ರೋಗಿಗಳು. ಯಂತ್ರ ಎಂಐಟಿಯದೇ ಸಂತತಿ. ವಾರಕ್ಕೆ ಮೂರು ಸಲ, 45 ನಿಮಿಷ, 12 ವಾರ. ಕೈಯ ಕೆಲಸದಲ್ಲಿ ನಿಗದಿತ ಮಟ್ಟದ ಸುಧಾರಣೆ ಕಂಡವರು ರೋಬೋಟ್ ಗುಂಪಿನಲ್ಲಿ ನೂರಕ್ಕೆ 44, ಥೆರಪಿಸ್ಟ್ ಹೆಚ್ಚು ಹೊತ್ತು ಮಾಡಿಸಿದ ಗುಂಪಿನಲ್ಲಿ 50, ಎಂದಿನ ಆರೈಕೆಯಲ್ಲಿ 42. ಈ ಮುಖ್ಯ ಅಳತೆಯಲ್ಲಿ ಯಾವ ಗುಂಪೂ ಗೆದ್ದಿತು ಎನ್ನಲು ಅಂತರ ಸಾಲಲಿಲ್ಲ. ಬೇರೆ ಅಳತೆಗಳಲ್ಲಿ ಎರಡು ವಿಷಯ ಕಂಡವು. ರೋಬೋಟ್ ಗುಂಪಿನ ಕೈಯ ಚಲನೆ ಸುಧಾರಿಸಿತ್ತು, ಆದರೆ ಆ ಸುಧಾರಣೆ ಊಟ, ಬಟ್ಟೆ, ಸ್ನಾನದಂಥ ಕೆಲಸಕ್ಕೆ ಇಳಿದಿರಲಿಲ್ಲ. ಥೆರಪಿಸ್ಟ್ ಗುಂಪಿನಲ್ಲಿ ಇಳಿದಿತ್ತು. ಆ ಗುಂಪಿಗೆ ಕಲಿಸಿದ್ದು ರೋಗಿ ತಾನೇ ಆರಿಸಿಕೊಂಡ ಕೆಲಸಗಳನ್ನು.

ಪರದೆಯ ಚುಕ್ಕಿ ಮುಟ್ಟುವುದನ್ನು ಕಲಿತ ಕೈ ಚುಕ್ಕಿ ಮುಟ್ಟುತ್ತದೆ. ಚೆಂಬು ಎತ್ತಬೇಕಾದರೆ ಚೆಂಬನ್ನೇ ಎತ್ತಿ ಕಲಿಯಬೇಕು. 1997ರಲ್ಲಿ ಭುಜ ಮತ್ತು ಬೆರಳಿನ ಬಗ್ಗೆ ಕಂಡದ್ದೇ 2019ರಲ್ಲಿ ಇನ್ನೊಂದು ರೂಪದಲ್ಲಿ ಕಂಡಿತು.

ಇನ್ನೊಂದು ಅಪಾಯವನ್ನು ಕ್ಯಾಲಿಫೋರ್ನಿಯಾದ ಡೇವಿಡ್ ರೈಂಕನ್ಸ್‌ಮೇಯರ್ ಮತ್ತು ಸಂಗಡಿಗರು ಗುರುತಿಸಿದರು. ಯಂತ್ರ ಎಲ್ಲವನ್ನೂ ತಾನೇ ಮಾಡಿಕೊಟ್ಟರೆ ರೋಗಿಯ ದೇಹ ಮೆಲ್ಲನೆ ಸೋಮಾರಿಯಾಗುತ್ತದೆ. ರೋಗಿಗೆ ಗೊತ್ತೇ ಆಗದಂತೆ ಪ್ರಯತ್ನ ಇಳಿಯುತ್ತದೆ. ಯಂತ್ರ ಎಷ್ಟು ಬೇಕೋ ಅಷ್ಟೇ ನೆರವಾಗಬೇಕು, ಆಗಾಗ ಹಿಂದೆ ಸರಿಯಬೇಕು. ಮನೆಯಲ್ಲಿ ಪ್ರೀತಿಯಿಂದ ತುತ್ತು ಬಾಯಿಗೆ ಇಡುವ ಸೊಸೆ, ಮಗಳು, ಹೆಂಡತಿಗೂ ಈ ಮಾತು ಅನ್ವಯಿಸುತ್ತದೆ.

ನಮ್ಮ ದೇಶದ ಪರೀಕ್ಷೆ

ಹಾಗಾದರೆ ಯಂತ್ರ ಬೇಡ, ಥೆರಪಿಸ್ಟ್ ಇಲ್ಲ, ಮನೆಯವರಿಗೇ ಕಲಿಸಿದರೆ ಸಾಲದೇ? ಈ ಪ್ರಶ್ನೆಯನ್ನು ಭಾರತದಲ್ಲೇ ಸರಿಯಾಗಿ ಪರೀಕ್ಷಿಸಿದ್ದಾರೆ. ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳು. ಅರ್ಧದಷ್ಟು ಜನರ ಮನೆಯವರಿಗೆ ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟು, ಮನೆಯಲ್ಲಿ ಮುಂದುವರಿಸಲು ಹೇಳಿದರು. 2017ರಲ್ಲಿ ಬಂದ ಫಲಿತಾಂಶ ನಿರಾಶೆಯದು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 47 ಜನ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಇದು ಮನೆಯವರ ಸೋಲು ಎಂದು ನಾವು ಓದುವುದಿಲ್ಲ. ಹೊಲ, ದನ, ಅಡುಗೆ, ಮಕ್ಕಳ ನಡುವೆ ಮನೆಯ ಹೆಂಗಸು ಥೆರಪಿಸ್ಟ್ ಕೆಲಸವನ್ನೂ ಮಾಡಲಿ ಎಂದು ಆಸ್ಪತ್ರೆ ಕೈ ತೊಳೆದುಕೊಳ್ಳುವ ಹಾಗಿಲ್ಲ ಎಂದು ಓದುತ್ತೇವೆ.

ಇನ್ನೊಂದು ದಾರಿ ಪಕ್ಕದ ತಮಿಳುನಾಡಿನಲ್ಲಿ ತೆರೆದಿದೆ. ವೆಲ್ಲೂರಿನ ಸಿಎಂಸಿ ಮತ್ತು ಮದ್ರಾಸ್ ಐಐಟಿ ಸೇರಿ ಪ್ಲೂಟೊ ಎಂಬ ಸಣ್ಣ ಯಂತ್ರ ಮಾಡಿವೆ. ಒಂದೇ ಮೋಟಾರ್. ಅದಕ್ಕೆ ಬೇರೆ ಬೇರೆ ಹಿಡಿಕೆ ಬದಲಿಸಿದರೆ ಮಣಿಕಟ್ಟು, ಮುಂಗೈ ತಿರುಗಿಸುವಿಕೆ, ಮುಷ್ಟಿ ಬಿಡಿಸುವಿಕೆ ಎಲ್ಲಕ್ಕೂ ಆಗುತ್ತದೆ. ಮೇಜಿನ ಮೇಲೆ ಇಡಬಹುದು, ಎತ್ತಿಕೊಂಡು ಹೋಗಬಹುದು. ಎಂಐಟಿಯ ಕಾಲದಲ್ಲಿ ಯಂತ್ರವಿದ್ದಲ್ಲಿಗೆ ರೋಗಿ ಹೋಗಬೇಕಿತ್ತು. ಇಲ್ಲಿ ಯಂತ್ರವೇ ರೋಗಿಯ ಬಳಿಗೆ ಬರಬಹುದು. ತಾಲ್ಲೂಕು ಆಸ್ಪತ್ರೆಯ ಮೂಲೆಯಲ್ಲಿ ಇಂಥದ್ದೊಂದು ಇದ್ದು, ಒಬ್ಬ ಥೆರಪಿಸ್ಟ್ ಒಂದೇ ಹೊತ್ತಿಗೆ ಮೂರು ನಾಲ್ಕು ಜನರನ್ನು ನೋಡಿಕೊಂಡರೆ ಯಂತ್ರಕ್ಕೆ ನಿಜವಾದ ಅರ್ಥ ಬರುತ್ತದೆ.

ಕೇಳಬೇಕಾದ ಪ್ರಶ್ನೆ

ಈಗ ಆ ಮಗನ ಪ್ರಶ್ನೆಗೆ ಬರೋಣ. ರೋಬೋಟ್ ಮೋಸವಲ್ಲ. ಕೈ ತುಂಬಾ ಸೋತವರಿಗೆ ಅದು ಅಭ್ಯಾಸ ಶುರು ಮಾಡಿಸಬಲ್ಲದು. ಅಮೆರಿಕದ 2016ರ ಮಾರ್ಗಸೂಚಿಯೂ ಇಂಥವರಿಗೆ ಪರಿಗಣಿಸಬಹುದು ಎಂದಿದೆ. ಆದರೆ ಅದರಲ್ಲಿ ಮಂತ್ರವಿಲ್ಲ. ಅಷ್ಟೇ ಬಿರುಸಾಗಿ, ಅಷ್ಟೇ ಸಲ ಮಾಡಿಸುವ ಥೆರಪಿಸ್ಟ್ ನಿಮ್ಮ ಊರಿನ ಹತ್ತಿರ ಇದ್ದರೆ, ಯಂತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಹಸು ಮಾರಿ ದೂರ ಹೋಗಬೇಕಿಲ್ಲ.

ಹೋಗುವುದೇ ಆದರೆ ದುಡ್ಡು ಕಟ್ಟುವ ಮೊದಲು ಕೇಳಿ. ಒಂದು ಸಲ ಕೂತರೆ ಕೈ ಎಷ್ಟು ಸಲ ಆಡುತ್ತದೆ? ಅಪ್ಪ ಪ್ರಯತ್ನ ಮಾಡುತ್ತಾರಾ, ಯಂತ್ರವೇ ಎಳೆದುಕೊಂಡು ಹೋಗುತ್ತದಾ? ಒಟ್ಟು ಎಷ್ಟು ವಾರ? ಯಂತ್ರದಿಂದ ಎದ್ದ ಮೇಲೆ ಲೋಟ ಹಿಡಿಯುವುದು, ಗುಂಡಿ ಹಾಕುವುದನ್ನು ಯಾರು ಕಲಿಸುತ್ತಾರೆ? ಶುರುವಿನಲ್ಲಿ ಎಷ್ಟು ಅಂಕ ಇತ್ತು, ತಿಂಗಳ ನಂತರ ಎಷ್ಟಾಯಿತು ಎಂದು ಬರೆದು ಕೊಡುತ್ತೀರಾ? ಊರಿಗೆ ಹೋದ ಮೇಲೆ ಯಾರನ್ನು ಕೇಳಬೇಕು? ಇವಕ್ಕೆ ಉತ್ತರ ಕೊಡದ ಜಾಗದಲ್ಲಿ ರೋಬೋಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪತ್ರಕರ್ತರಾಗಿ ನಮಗೂ ಒಂದು ಪ್ರಶ್ನೆ ಉಳಿದಿದೆ. ಹೊಸ ಯಂತ್ರದ ಉದ್ಘಾಟನೆಗೆ ನಾವು ಕ್ಯಾಮೆರಾ ಹಿಡಿದು ಹೋಗುತ್ತೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ಇದೆಯೇ, ಭರ್ತಿಯಾಗಿದೆಯೇ, ಅವರು ದಿನಕ್ಕೆ ಎಷ್ಟು ಜನರನ್ನು ನೋಡುತ್ತಾರೆ ಎಂದು ಕೇಳಲು ಅಷ್ಟೇ ಉತ್ಸಾಹದಿಂದ ಹೋಗುವುದಿಲ್ಲ. ನಮ್ಮ ಬಳಗದವರು ತಮ್ಮ ತಮ್ಮ ತಾಲ್ಲೂಕಿನಲ್ಲಿ ಈ ಮೂರನ್ನು ಕೇಳಿ ಬರೆದು ಕಳಿಸಿ. ಒಟ್ಟಿಗೆ ಪ್ರಕಟಿಸೋಣ.